ಮರೆತವರ ನ್ಯಾಸ

ಶ್ರಾವಕನ ಸತ್ಯಾಣುವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದಾಚಾರ್ಯರು ಈ ಪದವನ್ನು ಒಂದು ಸಾಮಾನ್ಯ ಸಂದರ್ಭದ ಮೂಲಕ ವಿವರಿಸಿದ್ದಾರೆ. ಒಬ್ಬನು ಹೊನ್ನು ಮೊದಲಾದ ದ್ರವ್ಯವನ್ನು ಮತ್ತೊಬ್ಬನಲ್ಲಿ ಇರಿಸಿರುತ್ತಾನೆ. ಕಾಲಾಂತರದಲ್ಲಿ ತಾನು ಇರಿಸಿದ್ದು ಎಷ್ಟೆಂಬುದನ್ನು ಮರೆತು ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇಟ್ಟುಕೊಂಡವನು 'ಹಾಗೆಯೇ ಆಗಲಿ' ಎಂದು ಒಪ್ಪಿ ಅಷ್ಟನ್ನೇ ಕೊಟ್ಟು ಕಳುಹಿಸಿದರೆ ಅದು ನ್ಯಾಸಾಪಹಾರ. ಇಲ್ಲಿ ಬೀಗ ಮುರಿದವರಿಲ್ಲ, ಬಲಾತ್ಕಾರ ಮಾಡಿದವರಿಲ್ಲ. ಕೇಳಿದವನು ಕೇಳಿದಷ್ಟೂ ಅವನಿಗೆ ಸಂದಿದೆ. ಆದರೂ ಆಚಾರ್ಯರ ದೃಷ್ಟಿಯಲ್ಲಿ ವ್ರತಕ್ಕೆ ಕಲೆ ತಗುಲಿತು. ಅದರಲ್ಲಿಯೂ ಇದನ್ನು ಅಚೌರ್ಯದ ಅತಿಚಾರಗಳಲ್ಲಿ ಎಣಿಸದೆ ಸತ್ಯದ ಅತಿಚಾರಗಳಲ್ಲಿ ಎಣಿಸಿರುವುದು ಗಮನಾರ್ಹ. ಮತ್ತೊಬ್ಬನ ಮರೆವನ್ನು ತನ್ನ ಲಾಭಕ್ಕೆ ಬಳಸಿಕೊಳ್ಳುವ ಮೌನವೂ ಅಸತ್ಯವೇ ಎಂಬುದು ಇದರ ತಾತ್ಪರ್ಯ.

ಪ್ರಾಯಕ್ಕೆ ಬಂದಿದ್ದರೂ ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳಲಾರದವರ ಸ್ಥಿತಿ ಈ ಉದಾಹರಣೆಯಲ್ಲಿ ಅಡಗಿದೆ. ಹುಟ್ಟಿನಿಂದಲೇ ಬುದ್ಧಿವಿಕಾಸ ಕುಂಠಿತವಾದವರು, ತೀವ್ರ ಮನೋರೋಗಕ್ಕೆ ತುತ್ತಾದವರು, ವಾರ್ಧಕ್ಯದಲ್ಲಿ ಸ್ಮೃತಿ ಕಳೆದುಕೊಂಡವರು, ಅಪಘಾತದಿಂದ ಪ್ರಜ್ಞೆ ತಪ್ಪಿ ಮಲಗಿದವರು – ಇವರೆಲ್ಲರ ಮನೆ, ಜಮೀನು, ಅಂಗಡಿಯ ಪಾಲು, ಬ್ಯಾಂಕಿನ ಠೇವಣಿ ಅನ್ಯರ ಕೈಯಲ್ಲಿರುವ ನ್ಯಾಸವೇ ಸರಿ. ಅದನ್ನು ಕಾಯುವವರು ಯಾರು, ಕಾಯುವವರನ್ನು ಕಾಯುವವರು ಯಾರು ಎಂಬ ಪ್ರಶ್ನೆಗೆ ನಮ್ಮ ದೇಶದ ಕಾನೂನು ಶತಮಾನಗಳಿಂದ ಉತ್ತರ ಹುಡುಕುತ್ತ ಬಂದಿದೆ.

ಮಿತಾಕ್ಷರೆಯ ವ್ಯವಸ್ಥೆ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ (1076–1126) ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವು ಬಂಗಾಳದಂತಹ ಕೆಲವು ಪ್ರದೇಶಗಳನ್ನು ಬಿಟ್ಟರೆ ಭಾರತದ ಬಹುಭಾಗದ ದಾಯವಿಭಾಗಕ್ಕೆ ಆಧಾರವಾಯಿತು. ಸ್ಮೃತಿಗಳ ಪರಂಪರೆಯಂತೆ ಇದರಲ್ಲಿಯೂ ಹುಚ್ಚು ಹಿಡಿದವರು, ಬುದ್ಧಿಹೀನರು, ಜನ್ಮಾಂಧರು ಮೊದಲಾದವರಿಗೆ ಪಿತ್ರಾರ್ಜಿತದಲ್ಲಿ ಪಾಲಿಲ್ಲ. ಇಂದಿನ ಓದುಗನಿಗೆ ಇದು ಕಠೋರವಾಗಿ ತೋರುವುದು ಸಹಜ. ಆದರೆ ಅದೇ ಪ್ರಕರಣವು ಪಾಲಿಲ್ಲದವರ ಅನ್ನವಸ್ತ್ರಗಳ ಹೊಣೆಯನ್ನು ಪಾಲು ಪಡೆದವರ ಮೇಲೆ ಹೊರಿಸುತ್ತದೆ. ಅವರ ಪುತ್ರರು ದೋಷರಹಿತರಾಗಿದ್ದರೆ ಪಾಲಿಗೆ ಅರ್ಹರು; ಅವರ ಹೆಣ್ಣುಮಕ್ಕಳನ್ನು ವಿವಾಹದವರೆಗೆ ಪೋಷಿಸಬೇಕು. ಇನ್ನೂ ಎರಡು ಸೂಕ್ಷ್ಮಗಳನ್ನು ವಿಜ್ಞಾನೇಶ್ವರನು ಸೇರಿಸಿದ್ದಾನೆ. ವಿಭಾಗವಾದ ನಂತರ ದೋಷ ಉಂಟಾದರೆ ಆಗಲೇ ಪಡೆದ ಪಾಲು ಕೈತಪ್ಪುವುದಿಲ್ಲ. ವಿಭಾಗದ ನಂತರ ಔಷಧೋಪಚಾರದಿಂದ ದೋಷ ನೀಗಿದರೆ ಪಾಲಿನ ಹಕ್ಕು ಮತ್ತೆ ಬರುತ್ತದೆ. ಅಸಾಮರ್ಥ್ಯವು ಶಾಶ್ವತ ಮುದ್ರೆಯಲ್ಲ, ಬಂದು ಹೋಗಬಹುದಾದ ಅವಸ್ಥೆ ಎಂಬ ವಿವೇಕ ಒಂಬತ್ತು ನೂರು ವರ್ಷಗಳ ಹಿಂದೆಯೇ ಇತ್ತೆಂಬುದಕ್ಕೆ ಇದು ಸಾಕ್ಷಿ.

ಈ ವ್ಯವಸ್ಥೆಯಲ್ಲಿ ಪ್ರತ್ಯೇಕ ಪಾಲಕನ ನೇಮಕದ ಅಗತ್ಯವೇ ಅಷ್ಟಾಗಿ ಏಳಲಿಲ್ಲ. ಅವಿಭಕ್ತ ಕುಟುಂಬದ ಯಜಮಾನನೇ ಎಲ್ಲರ ಪಾಲಕ. ಯಜಮಾನ ಧರ್ಮಿಷ್ಠನಾಗಿದ್ದ ಮನೆಯಲ್ಲಿ ದುರ್ಬಲನೂ ಮಾನದಿಂದ ಉಂಡನು. ಹಾಗಿಲ್ಲದ ಮನೆಯಲ್ಲಿ ಅವನ ಅಳಲನ್ನು ಕೇಳುವ ಪ್ರತ್ಯೇಕ ಪೀಠವಿರಲಿಲ್ಲ.

1858 ಮತ್ತು 1912ರ ಕಾಯಿದೆಗಳು

ಇಂಗ್ಲೆಂಡಿನಲ್ಲಿ ಮಧ್ಯಯುಗದಿಂದಲೂ ಮತಿಹೀನರ ಭೂಮಿಯ ರಕ್ಷಣೆ ದೊರೆಯ ಹೊಣೆಯೆಂಬ ತತ್ತ್ವ ರೂಢಿಯಲ್ಲಿತ್ತು. ದೊರೆಯು ಅಸಹಾಯಕ ಪ್ರಜೆಗೆ ತಂದೆಯ ಸ್ಥಾನದಲ್ಲಿ ನಿಲ್ಲುತ್ತಾನೆ ಎಂಬ ಈ ಭಾವನೆಯೇ ಬ್ರಿಟಿಷರೊಂದಿಗೆ ಭಾರತಕ್ಕೆ ಬಂದಿತು. 1858ರಲ್ಲಿ ಮೂರು ಕಾಯಿದೆಗಳು ಒಟ್ಟಿಗೆ ಜಾರಿಗೆ ಬಂದವು. 34ನೆಯ ಕಾಯಿದೆ ಸುಪ್ರೀಂ ಕೋರ್ಟುಗಳೆಂದು ಅಂದು ಕರೆಯಲಾಗುತ್ತಿದ್ದ ಪ್ರೆಸಿಡೆನ್ಸಿ ನಗರಗಳ ನ್ಯಾಯಾಲಯಗಳಿಗೆ, 35ನೆಯದು ಜಿಲ್ಲಾ ನ್ಯಾಯಾಲಯಗಳಿಗೆ, 36ನೆಯದು ಹುಚ್ಚಾಸ್ಪತ್ರೆಗಳಿಗೆ ಸಂಬಂಧಿಸಿದ್ದವು. ಇವೆಲ್ಲವನ್ನೂ ಕ್ರೋಡೀಕರಿಸಿ ಬಂದದ್ದು 1912ರ ಭಾರತೀಯ ಲ್ಯೂನಸಿ ಕಾಯಿದೆ.

ಈ ಕಾಯಿದೆಯ ಹೆಸರೂ ಭಾಷೆಯೂ ಒರಟಾದವು. ಆದರೆ ಆಸ್ತಿಯ ರಕ್ಷಣೆಯಲ್ಲಿ ಅದು ತೋರಿದ ಎಚ್ಚರವನ್ನು ವ್ಯಾಪಾರಿ ಸಮಾಜವು ಮೆಚ್ಚಲೇಬೇಕು. ನ್ಯಾಯಾಲಯವು ವಿಚಾರಣೆ ನಡೆಸಿ, ವ್ಯಕ್ತಿಯ ದೇಹರಕ್ಷಣೆಗೆ ಪಾಲಕನನ್ನೂ ಆಸ್ತಿಗೆ ಮ್ಯಾನೇಜರನನ್ನೂ ಪ್ರತ್ಯೇಕವಾಗಿ ನೇಮಿಸಬಹುದಾಗಿತ್ತು. ರೋಗಿಯ ಮರಣದಿಂದ ಲಾಭ ಪಡೆಯುವ ವಾರಸುದಾರನನ್ನು ದೇಹರಕ್ಷಣೆಗೆ ನೇಮಿಸಕೂಡದು. ನೇಮಿಸುವುದಾದರೆ ಅದು ರೋಗಿಯ ಹಿತಕ್ಕೆಂಬ ಕಾರಣವನ್ನು ಲಿಖಿತವಾಗಿ ದಾಖಲಿಸಬೇಕಿತ್ತು. ಮ್ಯಾನೇಜರನು ಆರು ತಿಂಗಳೊಳಗೆ ಸ್ಥಿರ ಚರ ಸ್ವತ್ತುಗಳ, ಬರತಕ್ಕ ಮತ್ತು ಕೊಡತಕ್ಕ ಸಾಲಗಳ ಯಾದಿಯನ್ನು ಸಲ್ಲಿಸಬೇಕು. ಪ್ರತಿ ವರ್ಷ ಜಮಾಖರ್ಚು ಒಪ್ಪಿಸಬೇಕು. ನ್ಯಾಯಾಲಯದ ಅನುಮತಿಯಿಲ್ಲದೆ ಸ್ಥಿರಾಸ್ತಿಯನ್ನು ಮಾರಕೂಡದು, ಅಡವಿಡಕೂಡದು. ಪ್ರೀತಿಯನ್ನು ನಂಬುವುದರ ಜೊತೆಗೆ ಲೆಕ್ಕವನ್ನೂ ಕೇಳಬೇಕು ಎಂಬುದು ಇದರ ನೀತಿ.

ದೋಷ ಇದ್ದದ್ದು ಬೇರೆಡೆ. ವ್ಯಕ್ತಿಯು ಮತಿಹೀನನೆಂದು ಒಮ್ಮೆ ತೀರ್ಮಾನವಾದರೆ ಅವನ ಇಚ್ಛೆಗೆ ಬೆಲೆಯೇ ಇರುತ್ತಿರಲಿಲ್ಲ. ವಾಸ್ತವವಾಗಿ 1872ರ ಕರಾರು ಕಾಯಿದೆ ಇದಕ್ಕಿಂತ ಸೂಕ್ಷ್ಮವಾಗಿ ಯೋಚಿಸಿತ್ತು. ಸಾಮಾನ್ಯವಾಗಿ ಅಸ್ವಸ್ಥಚಿತ್ತನಾಗಿದ್ದು ನಡುನಡುವೆ ಸ್ವಸ್ಥನಾಗುವವನು, ಸ್ವಸ್ಥನಾಗಿರುವಾಗ ಕರಾರು ಮಾಡಬಹುದೆಂದು ಅದರ 12ನೆಯ ಕಲಂ ಹೇಳುತ್ತದೆ. ಮನುಷ್ಯನು ಸರ್ವಥಾ ಸಮರ್ಥ ಅಥವಾ ಸರ್ವಥಾ ಅಸಮರ್ಥ ಎಂಬ ಏಕಾಂತವಾದವನ್ನು ಅದು ಒಪ್ಪಲಿಲ್ಲ. ಅನೇಕಾಂತವನ್ನು ಬಲ್ಲವರಿಗೆ ಈ ವಿಚಾರ ಹೊಸದಲ್ಲ.

ಪಾಲು ಬಂದಿತು, ಪಾಲಕ ಬರಲಿಲ್ಲ

1928ರ ಶಾಸನವೊಂದು ಅಂಗವೈಕಲ್ಯ, ರೋಗಗಳ ಕಾರಣದಿಂದ ದಾಯಹಕ್ಕು ನಿರಾಕರಿಸುವ ಪದ್ಧತಿಯನ್ನು ತೆಗೆದುಹಾಕಿತು. ಆದರೂ ಹುಟ್ಟಿನಿಂದ ಮತಿಹೀನರಾದವರನ್ನು ಹೊರಗೇ ಇರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಂ ಆ ಕೊನೆಯ ತಡೆಯನ್ನೂ ಅಳಿಸಿತು. ಜೈನರಿಗೂ ಅನ್ವಯಿಸುವ ಈ ಕಾಯಿದೆಯಂತೆ ಯಾವ ರೋಗವೂ ಯಾವ ನ್ಯೂನತೆಯೂ ಪಾಲಿಗೆ ಅಡ್ಡಿಯಲ್ಲ. ಆದರೆ ಅದೇ ವರ್ಷದ ಅಪ್ರಾಪ್ತವಯಸ್ಕರ ಪಾಲಕತ್ವ ಕಾಯಿದೆ ಮಕ್ಕಳಿಗೆ ಮಾತ್ರ ಸೀಮಿತವಾಯಿತು. ಹದಿನೆಂಟು ತುಂಬಿದ ದಿನ ತಂದೆತಾಯಿಗಳ ಅಧಿಕಾರ ಮುಗಿಯುತ್ತದೆ. ಮಗನ ಅಥವಾ ಮಗಳ ಬುದ್ಧಿ ಐದು ವರ್ಷದ ಮಗುವಿನದೇ ಆಗಿದ್ದರೂ ಕಾನೂನಿಗೆ ಅವರು ಪ್ರೌಢರು. ಹಕ್ಕು ದೊರೆತ ದುರ್ಬಲನ ಸುತ್ತ ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪ್ರಲೋಭನೆಯೂ ಬೆಳೆಯಿತು.

1987ರ ಮಾನಸಿಕ ಆರೋಗ್ಯ ಕಾಯಿದೆ 1993ರಲ್ಲಿ ಜಾರಿಗೆ ಬಂದು 1912ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಆದರೆ ಅದು ಬುದ್ಧಿಮಾಂದ್ಯರನ್ನು ತನ್ನ ವ್ಯಾಖ್ಯೆಯಿಂದ ಕೈಬಿಟ್ಟಿತು. ಆ ಕೊರತೆಯನ್ನು ತುಂಬಿದ್ದು 1999ರ ರಾಷ್ಟ್ರೀಯ ನ್ಯಾಸ ಕಾಯಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಕಲತೆ ಇರುವ ಪ್ರೌಢರಿಗೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಯೇ ಪಾಲಕರನ್ನು ನೇಮಿಸಬಹುದು. ಜಿಲ್ಲಾಧಿಕಾರಿಗಳ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಹಾಗೂ ವಿಕಲಚೇತನರೊಬ್ಬರು ಈ ಸಮಿತಿಯಲ್ಲಿರುತ್ತಾರೆ. ಆರು ತಿಂಗಳಲ್ಲಿ ಆಸ್ತಿಯ ಯಾದಿ, ಪ್ರತಿ ಆರ್ಥಿಕ ವರ್ಷದ ಕೊನೆಯಿಂದ ಮೂರು ತಿಂಗಳಲ್ಲಿ ಲೆಕ್ಕಪತ್ರ – ಹಳೆಯ ಕಟ್ಟುಪಾಡು ಇಲ್ಲಿಯೂ ಮುಂದುವರಿಯಿತು. ನಿರ್ಲಕ್ಷಿಸಿದ ಅಥವಾ ಸ್ವತ್ತನ್ನು ದುರುಪಯೋಗಪಡಿಸಿದ ಪಾಲಕನನ್ನು ತೆಗೆಯಲೂ ಅವಕಾಶವಿದೆ.

ಹೊಸ ದೃಷ್ಟಿ, ಉಳಿದ ಕೊರತೆ

ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಒಪ್ಪಿತು. ಅದರ ಫಲವಾಗಿ ಬಂದ 2016ರ ಕಾಯಿದೆಯು ಪರಿಮಿತ ಪಾಲಕತ್ವವೆಂಬ ಕಲ್ಪನೆಯನ್ನು ತಂದಿತು. ಪಾಲಕನು ನಿಗದಿತ ಅವಧಿಗೆ, ನಿಗದಿತ ವಿಷಯಕ್ಕೆ ಮಾತ್ರ, ಆ ವ್ಯಕ್ತಿಯೊಡನೆ ಸಮಾಲೋಚಿಸಿ, ಅವರ ಇಚ್ಛೆಗೆ ಅನುಗುಣವಾಗಿ ನಡೆಯಬೇಕೆಂಬುದು ಇದರ ಸಾರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯ ಕುರಿತು ಮುಂಗಡವಾಗಿ ನಿರ್ದೇಶನ ಬರೆದಿಡುವ, ತನ್ನ ಪ್ರತಿನಿಧಿಯನ್ನು ತಾನೇ ಹೆಸರಿಸುವ ಹಕ್ಕನ್ನು ನೀಡಿತು. ಆದರೆ ಆಸ್ತಿಗೆ ಮ್ಯಾನೇಜರನನ್ನು ನೇಮಿಸುವ ಹಳೆಯ ಅಧ್ಯಾಯವು ಅದರಲ್ಲಿ ಉಳಿಯಲಿಲ್ಲ. ಹೀಗಾಗಿ ಪ್ರಜ್ಞಾಶೂನ್ಯರ, ಸ್ಮೃತಿಲೋಪದ ವೃದ್ಧರ ಕುಟುಂಬಗಳು ಉಚ್ಚ ನ್ಯಾಯಾಲಯಗಳ ಮೊರೆಹೋಗಬೇಕಾಗಿದೆ. 2019ರಲ್ಲಿ ಕೇರಳ ಉಚ್ಚ ನ್ಯಾಯಾಲಯವು ಇಂತಹ ಪ್ರಕರಣಗಳಿಗೆ ವೈದ್ಯಕೀಯ ಮಂಡಳಿಯ ಪರೀಕ್ಷೆ, ಕಂದಾಯ ಅಧಿಕಾರಿಯ ಭೇಟಿ, ಆಸ್ತಿಯ ವಿವರಗಳ ಸಲ್ಲಿಕೆ ಮುಂತಾದ ಮಾರ್ಗಸೂಚಿಯನ್ನು ರೂಪಿಸಿತು.

ಮುಖ್ತಿಯಾರುನಾಮೆ ಇದ್ದರೆ ಸಾಕೆಂಬ ಭಾವನೆ ಅನೇಕರಲ್ಲಿದೆ. ಕರಾರು ಕಾಯಿದೆಯ 201ನೆಯ ಕಲಮಿನಂತೆ ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಕೆಟ್ಟೊಡನೆ ಅಂತಹ ಅಧಿಕಾರವೂ ಕೊನೆಗೊಳ್ಳುತ್ತದೆ. ಅಗತ್ಯ ಬಿದ್ದಾಗಲೇ ಆ ಪತ್ರ ನಿರರ್ಥಕವಾಗುತ್ತದೆ.

ಆಸ್ತಿಯನ್ನೂ ಮೀರಿದ ಪ್ರಶ್ನೆಯೊಂದನ್ನು ಉತ್ತರ ಕನ್ನಡದ ಹಳದೀಪುರದಲ್ಲಿ ಜನಿಸಿದ ಅರುಣಾ ಶಾನಭಾಗರ ಬದುಕು ದೇಶದ ಮುಂದಿಟ್ಟಿತು. 1973ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ ಕ್ರೂರ ಹಲ್ಲೆಗೊಳಗಾದ ಅವರು 2015ರಲ್ಲಿ ಕೊನೆಯುಸಿರೆಳೆಯುವವರೆಗೆ ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು. ಅವರ ಪರವಾಗಿ ಮಾತಾಡುವವರು ಯಾರೆಂಬ ಪ್ರಶ್ನೆಗೆ ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಉತ್ತರಿಸುತ್ತ, ದಶಕಗಳಿಂದ ಸೇವೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಆ ಸ್ಥಾನಕ್ಕೆ ಅರ್ಹರೆಂದಿತು. ಅಷ್ಟಾದರೂ ಜೀವರಕ್ಷಕ ಉಪಚಾರವನ್ನು ನಿಲ್ಲಿಸುವ ನಿರ್ಧಾರಕ್ಕೆ ಉಚ್ಚ ನ್ಯಾಯಾಲಯದ ಒಪ್ಪಿಗೆ ಬೇಕೆಂದು ಅಂದು ವಿಧಿಸಿತು. ಆಸ್ತಿಯ ಆಸೆಯುಳ್ಳವರ ದುರುದ್ದೇಶವನ್ನು ಅದು ಮರೆಯಲಿಲ್ಲ. ಈ ಸಂದರ್ಭದಲ್ಲಿ ಸಮಾಜಬಾಂಧವರು ಒಂದನ್ನು ಸ್ಪಷ್ಟವಾಗಿ ನೆನಪಿಡಬೇಕು. ಸಲ್ಲೇಖನವು ಎಚ್ಚರವುಳ್ಳ ಆತ್ಮವು ತಾನಾಗಿ ಸ್ವೀಕರಿಸುವ ವ್ರತ. ಅದನ್ನು ಮತ್ತೊಬ್ಬರ ಪರವಾಗಿ ಯಾವ ಪಾಲಕನೂ ಸ್ವೀಕರಿಸಲಾರ.

ಶ್ರಾವಕರ ಹೊಣೆ

ವೈಯಾವೃತ್ಯವನ್ನು ಆಚಾರ್ಯರು ಅಂತರಂಗ ತಪಸ್ಸಿನಲ್ಲಿ ಎಣಿಸಿದ್ದಾರೆ. ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನ, ಅಂದರೆ ರೋಗಪೀಡಿತ ಮುನಿಯೂ ಸೇರಿದ್ದಾನೆ. ಅದೇ ಭಾವವನ್ನು ಗೃಹಸ್ಥರು ಮನೆಯೊಳಗೆ ತಂದುಕೊಂಡಾಗ ಪಾಲಕತ್ವವು ಹೊರೆಯಾಗದೆ ಸಾಧನೆಯಾಗುತ್ತದೆ. 'ನಮ್ಮ ನಂತರ ಇವನ ಗತಿ ಏನು' ಎಂದು ಕೊರಗುವ ತಂದೆತಾಯಿಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಬದುಕಿರುವಾಗಲೇ ಪಾಲಕರ ನೇಮಕಕ್ಕೆ ಅರ್ಜಿ ಸಲ್ಲಿಸಲು, ಮರಣಶಾಸನ ಬರೆಯಲು ನೆರವಾಗುವುದು ಬಸದಿಯ ಸಮಿತಿಗಳು ಸುಲಭವಾಗಿ ಮಾಡಬಹುದಾದ ಧರ್ಮಕಾರ್ಯ.

ಪಾಲಕರಾದವರು ಆ ವ್ಯಕ್ತಿಯ ಹೆಸರಿನಲ್ಲಿ ಪ್ರತ್ಯೇಕ ಖಾತೆ ತೆರೆದು, ಒಂದು ರೂಪಾಯಿಯೂ ತಮ್ಮ ಅಂಗಡಿಯ ಕೀರ್ದಿಯಲ್ಲಿ ಬೆರೆಯದಂತೆ ನೋಡಿಕೊಳ್ಳಬೇಕು. ಯಾರೂ ಕೇಳದಿದ್ದರೂ ವರ್ಷಕ್ಕೊಮ್ಮೆ ನೆಂಟರ ಮುಂದೆ ಲೆಕ್ಕ ಓದಬೇಕು. ಊಟ, ಉಡುಗೆ, ವಾಸದ ವಿಷಯದಲ್ಲಿ ಅವರ ಇಷ್ಟವನ್ನು ಮೊದಲು ಕೇಳಬೇಕು. ಕಾನೂನು ಎಷ್ಟೇ ಬದಲಾದರೂ, ಮರೆತವನು ಕಡಿಮೆ ಕೇಳಿದಾಗ 'ನೀವು ಇಟ್ಟದ್ದು ಇದಕ್ಕಿಂತ ಹೆಚ್ಚು' ಎಂದು ತಾನಾಗಿ ಹೇಳುವವನೇ ನಿಜವಾದ ಪಾಲಕ.