ಸ್ಥಿರವಿದ್ಯುದಾವೇಶ: ಸಂಪರ್ಕ ಮತ್ತು ಘರ್ಷಣೆ

ಎರಡು ಪದಾರ್ಥಗಳು ಒಂದನ್ನೊಂದು ಮುಟ್ಟಿ ಅಗಲಿದಾಗ ಒಂದರ ಮೇಲ್ಮೈಯಲ್ಲಿ ಧನಾವೇಶವೂ ಮತ್ತೊಂದರ ಮೇಲ್ಮೈಯಲ್ಲಿ ಅಷ್ಟೇ ಪರಿಮಾಣದ ಋಣಾವೇಶವೂ ಉಳಿಯುವ ವಿದ್ಯಮಾನ. ತಂತಿಯ ವಿದ್ಯುತ್ತಿನಂತೆ ಪ್ರವಹಿಸದೆ ಹುಟ್ಟಿದೆಡೆಯಲ್ಲಿಯೇ ನೆಲೆನಿಲ್ಲುವುದರಿಂದ ಇದು ಸ್ಥಿರವಿದ್ಯುತ್ತೆನಿಸಿಕೊಂಡಿದೆ. ಉಜ್ಜುವುದೇ ಇದರ ಕಾರಣವೆಂಬ ಭಾವನೆ ಬಹುಕಾಲದಿಂದ ರೂಢವಾಗಿದ್ದರೂ ಮೂಲಕಾರಣ ಸಂಪರ್ಕವೇ. ಕಣ್ಣಿಗೆ ನುಣುಪಾಗಿ ತೋರುವ ಮೇಲ್ಮೈಗಳು ವಾಸ್ತವದಲ್ಲಿ ಉಬ್ಬುತಗ್ಗುಗಳಿಂದ ಕೂಡಿದವಾದುದರಿಂದ, ಸುಮ್ಮನೆ ಒತ್ತಿದಾಗ ಅವು ಅಲ್ಲೊಂದು ಇಲ್ಲೊಂದು ಬಿಂದುವಿನಲ್ಲಿ ಮಾತ್ರ ಕೂಡುತ್ತವೆ. ಉಜ್ಜಿದಾಗಲಾದರೋ ಕ್ಷಣಕ್ಷಣಕ್ಕೂ ಹೊಸ ಬಿಂದುಗಳು ಕೂಡಿ ಅಗಲುತ್ತ ಆವೇಶ ಬೆಳೆಯುತ್ತದೆ.

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಸೀಮೆಯಲ್ಲಿ, ಹಿಂಗಾರಿ ಬೆಳೆ ಹೊಲದಲ್ಲಿ ನಿಂತಿರುವ ಪುಷ್ಯ-ಮಾಘದ ಒಣ ಚಳಿಯ ದಿನಗಳಲ್ಲಿ, ಪಾಲಿಯೆಸ್ಟರ್ ಅಂಗಿ ತೊಟ್ಟು ಕುರಿಯುಣ್ಣೆಯ ಕಂಬಳಿ ಹೊದ್ದು ಮಲಗಿದವನು ಬೆಳಕು ಹರಿಯುವ ಮುನ್ನವೇ ಎದ್ದು ಕಂಬಳಿಯನ್ನು ಸರಕ್ಕನೆ ಎಳೆದರೆ, ಚಟಚಟನೆ ಸದ್ದಾಗಿ ನಸುನೀಲಿಯ ಕಿರುಕಿಡಿಗಳು ಕತ್ತಲಲ್ಲಿ ಮಿನುಗುವುದುಂಟು. ಮುಂಗೈಯ ರೋಮಗಳು ನಿಮಿರಿ ಕಂಬಳಿಯತ್ತ ಬಾಗುವುದೂ ಉಂಟು. ಇಲ್ಲಿ ಉಣ್ಣೆ ಇಲೆಕ್ಟ್ರಾನುಗಳನ್ನು ಕಳೆದುಕೊಂಡು ಧನಾವಿಷ್ಟವಾಗಿದೆ, ಅಂಗಿ ಅವನ್ನು ಪಡೆದು ಋಣಾವಿಷ್ಟವಾಗಿದೆ. ಎರಡೂ ಅಂಟಿಕೊಂಡಿರುವವರೆಗೆ ವಿರುದ್ಧ ಆವೇಶಗಳು ಪರಸ್ಪರ ಹಿಡಿದುಕೊಂಡಿದ್ದು ಹೊರಗೆ ಏನೂ ತೋರದು. ಅವನ್ನು ಬೇರ್ಪಡಿಸುವಾಗ ಆ ಆಕರ್ಷಣೆಯ ವಿರುದ್ಧ ಕೈ ಮಾಡುವ ಕೆಲಸವೇ ವಿದ್ಯುಚ್ಛಕ್ತಿಯಾಗಿ, ಅಂತರ ಹೆಚ್ಚಿದಂತೆ ವಿಭವಾಂತರವೂ ಏರಿ ಸಾವಿರಾರು ವೋಲ್ಟುಗಳನ್ನು ಮುಟ್ಟುತ್ತದೆ. ಒಂದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟಿನ ಒತ್ತಡ ಒದಗಿದೆಡೆಯಲ್ಲಿ ಗಾಳಿ ತನ್ನ ನಿರೋಧಕಗುಣವನ್ನು ಬಿಟ್ಟುಕೊಟ್ಟು ಕಿಡಿ ಹಾರುತ್ತದೆ. ವೋಲ್ಟುಗಳ ಸಂಖ್ಯೆ ಕಂಡು ಅಂಜಬೇಕಾದುದಿಲ್ಲ: ಮನುಷ್ಯದೇಹ 10,000 ವೋಲ್ಟಿಗೇರಿದಾಗಲೂ ಅದರಲ್ಲಿ ಸಂಚಯವಾದ ಶಕ್ತಿ ಒಂದು ಜೌಲಿನ ಕೆಲವೇ ಸಹಸ್ರಾಂಶಗಳಷ್ಟು.

ಉಜ್ಜಿದ ಅಂಬರ್ ಹುಲ್ಲೆಳೆಗಳನ್ನು ಸೆಳೆಯುವುದು ಪ್ರಾಚೀನ ಗ್ರೀಕರಿಗೆ ತಿಳಿದಿದ್ದಿತು. ಗಾಜು, ಗಂಧಕ ಮೊದಲಾದವುಗಳಲ್ಲಿಯೂ ಈ ಗುಣವುಂಟೆಂದು ಇಂಗ್ಲೆಂಡಿನ ವಿಲಿಯಂ ಗಿಲ್ಬರ್ಟ್ 1600ರಲ್ಲಿ ನಿರೂಪಿಸಿದನು. ಆವೇಶ ಎರಡು ಬಗೆಯದೆಂದು ಫ್ರಾನ್ಸಿನ ದ್ಯು ಫೇ 1733ರಲ್ಲಿ ಕಂಡುಕೊಂಡನು. ಯಾವ ವಸ್ತು ಯಾವುದರೊಡನೆ ಉಜ್ಜಲ್ಪಟ್ಟಾಗ ಧನವಾಗುವುದೆಂಬುದರ ಮೊದಲ ಅನುಕ್ರಮಣಿಕೆಯನ್ನು 1757ರಲ್ಲಿ ಪ್ರಕಟಿಸಿದವನು ಸ್ವೀಡನ್ನಿನ ವಿಲ್ಕೆ. ಅಂತಹ ಶ್ರೇಣಿಯಲ್ಲಿ ಗಾಜು, ಕೂದಲು, ಉಣ್ಣೆಗಳು ಧನದ ಕಡೆಗೂ, ರಬ್ಬರು, ಪಾಲಿಥೀನುಗಳು ಋಣದ ಕಡೆಗೂ ನಿಲ್ಲುತ್ತವೆ. ಹತ್ತಿಯದು ನಡುವಣ ಸ್ಥಾನ. ಆದರೆ ಈ ಶ್ರೇಣಿಯನ್ನು ಪ್ರಕೃತಿನಿಯಮವೆಂದು ಭಾವಿಸಲಾಗದು. ಮೇಲ್ಮೈಯ ಕೊಳೆ, ತೇವ, ಉಜ್ಜುವ ರೀತಿ ಇವುಗಳಿಂದ ಕ್ರಮ ಪಲ್ಲಟವಾಗುವುದಲ್ಲದೆ, ಒಂದೇ ಪದಾರ್ಥದ ಎರಡು ತುಂಡುಗಳು ಕೂಡ ಉಜ್ಜಿದಾಗ ಆವಿಷ್ಟವಾಗಬಲ್ಲವು. ಲೋಹಗಳಲ್ಲಿ ಇಲೆಕ್ಟ್ರಾನುಗಳೇ ಸ್ಥಳಾಂತರ ಹೊಂದುತ್ತವೆಂಬುದು ನಿರ್ವಿವಾದ. ನಿರೋಧಕಗಳಲ್ಲಿ ಇಲೆಕ್ಟ್ರಾನು, ಅಯಾನು, ಕಿತ್ತುಬಂದ ಪದಾರ್ಥದ ಸೂಕ್ಷ್ಮಕಣ ಇವುಗಳಲ್ಲಿ ಯಾವುದರ ಪಾಲು ಎಷ್ಟೆಂಬ ಚರ್ಚೆ ಇಂದಿಗೂ ಮುಗಿದಿಲ್ಲ. ನಿತ್ಯಪರಿಚಿತವಾದ ಸಂಗತಿಯೊಂದು ಇಷ್ಟು ಗಹನವಾಗಿರುವುದು ನಿಜಕ್ಕೂ ವಿಸ್ಮಯದ ವಿಷಯ.

ಹುಟ್ಟಿದ ಆವೇಶ ನಿಲ್ಲುವುದೋ ಸೋರಿಹೋಗುವುದೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತೇವ. ಮಲೆನಾಡಿನ ಸೆರಗಿಗೆ ತಗುಲಿರುವ ಕಲಘಟಗಿಯಲ್ಲಿ ಆಷಾಢದ ಜಡಿಮಳೆ ಹಿಡಿದಾಗ ಅದೇ ಕಂಬಳಿ, ಅದೇ ಅಂಗಿ ಕಿಡಿಯನ್ನು ತೋರವು. ನೂಲು ಹೀರಿದ ನೀರು ಆವೇಶಕ್ಕೆ ಹಾದಿಯಾಗಿ ಅದನ್ನು ಕೂಡಿದಂತೆಯೇ ಹರಿಯಗೊಡುತ್ತದೆ. ಸಾಧಾರಣ ಹವೆಯಲ್ಲಿ ಹತ್ತಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹಿಡಿಯಲಾರದು. ಪಾಲಿಯೆಸ್ಟರ್ ಸೀರೆ ಚಳಿಗಾಲದಲ್ಲಿ ಕಾಲಿಗೆ ಸುತ್ತಿಕೊಳ್ಳುವುದೂ, ಹತ್ತಿಯ ಇಳಕಲ್ ಸೀರೆ ಹಾಗೆ ಮಾಡದಿರುವುದೂ ಇದರಿಂದಲೇ.

ಹತ್ತಿಯೂ ಅತಿಯಾಗಿ ಒಣಗಿದಲ್ಲಿ ಈ ಸೌಮ್ಯಸ್ವಭಾವವನ್ನು ಬಿಡುತ್ತದೆ. ಹತ್ತಿ ಬೆಳೆಯುವ ಧಾರವಾಡ ಸೀಮೆಯ ಜಿನ್ನಿಂಗ್ ಕೆಲಸದಲ್ಲಿ ಇದು ಗಮನಾರ್ಹ: ಬೀಜ ಬಿಡಿಸುವಾಗ ಅರಳೆ ಚರ್ಮದ ಉರುಳೆಗೂ ಉಕ್ಕಿನ ಅಲಗಿಗೂ ತಿಕ್ಕಿ ಸಾಗುತ್ತದೆ, ಅದರ ತೇವ ಶೇಕಡಾ 4ಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದರೆ ಎಳೆಗಳು ಆವಿಷ್ಟವಾಗಿ ಯಂತ್ರದ ಲೋಹಭಾಗಗಳಿಗೆ ಮೆತ್ತಿಕೊಂಡು ಕೆಲಸಕ್ಕೆ ಅಡ್ಡಿಮಾಡುತ್ತವೆ. ಯಂತ್ರವನ್ನು ಭೂಸಂಪರ್ಕಗೊಳಿಸಿದರೆ ಲೋಹದ ಆವೇಶ ನೆಲಕ್ಕಿಳಿಯುವುದೇ ಹೊರತು ಒಣ ಅರಳೆಯದು ಇಳಿಯದು, ಏಕೆಂದರೆ ನಿರೋಧಕವಾದ ಎಳೆಯ ಮೇಲಿನ ಆವೇಶಕ್ಕೆ ಭೂಸಂಪರ್ಕದ ತಂತಿಯವರೆಗೆ ಸಾಗುವ ದಾರಿಯೇ ಇಲ್ಲ; ಅದಕ್ಕೆ ಗಾಳಿಗೆ ತೇವ ಕೂಡಿಸುವುದೇ ಉಪಾಯವಾಗಿದ್ದು, ನೂಲಿನ ಗಿರಣಿಗಳಲ್ಲಿ ಹವೆಯ ಆರ್ದ್ರತೆಯನ್ನು ಕಾಯ್ದುಕೊಳ್ಳುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು.