ಮಾಲಿನ್ಯ ಸೂಚಕಗಳಾಗಿ ಕಠಿಣಚರ್ಮಿಗಳು

ಏಡಿ, ಸೀಗಡಿ, ನೀರುಚಿಗಟ ಮೊದಲಾದ ಕಠಿಣಚರ್ಮಿಗಳ ಸಂಖ್ಯೆ, ಗಾತ್ರ, ನಡವಳಿಕೆ ಹಾಗೂ ಅಂಗಾಂಶಗಳನ್ನು ಪರಿಶೀಲಿಸಿ ಜಲಮಾಲಿನ್ಯವನ್ನು ಗುರುತಿಸುವುದು ಜೈವಿಕ ಸೂಚಕ ವಿಧಾನಗಳಲ್ಲಿ ಒಂದು. ಸಮುದ್ರದ ಹವಳದ ದಿಬ್ಬಗಳಲ್ಲಿಯೂ ಒಳನಾಡಿನ ಕೆರೆ, ಹೊಳೆಗಳಲ್ಲಿಯೂ ಇದರ ತತ್ತ್ವ ಒಂದೇ ಆಗಿದೆ. ನೀರಿನ ರಾಸಾಯನಿಕ ಪರೀಕ್ಷೆಯು ಮಾದರಿ ಸಂಗ್ರಹಿಸಿದ ಕ್ಷಣದ ಸ್ಥಿತಿಯನ್ನು ಮಾತ್ರ ತಿಳಿಸಿದರೆ, ಆ ನೀರಿನಲ್ಲೇ ಬದುಕಿದ ಪ್ರಾಣಿಯು ತಿಂಗಳುಗಳ ಕಾಲದ ಪರಿಣಾಮವನ್ನು ತೋರಿಸುತ್ತದೆ.

ಸೂಕ್ಷ್ಮತೆಗೆ ಕಾರಣಗಳು

ಕಠಿಣಚರ್ಮಿಗಳೂ ಕೀಟಗಳೂ ಸಂಧಿಪದಿ ವಂಶಕ್ಕೆ ಸೇರಿದವು. ಆದ್ದರಿಂದ ಬೆಳೆಯ ಕೀಟಗಳನ್ನು ಕೊಲ್ಲಲು ಸಿಂಪಡಿಸುವ ಔಷಧಗಳು ನೀರಿಗೆ ಸೇರಿದಾಗ ಇವುಗಳಿಗೂ ಮಾರಕವಾಗುತ್ತವೆ. ಸೈಪರ್‌ಮೆಥ್ರಿನ್‌ನಂತಹ ಪೈರೆಥ್ರಾಯ್ಡ್‌ಗಳು ಅತ್ಯಲ್ಪ ಪ್ರಮಾಣದಲ್ಲಿಯೇ ಇವುಗಳ ನರಮಂಡಲವನ್ನು ಕೆಡಿಸುತ್ತವೆ. ಬೆಳೆಯಲು ಕವಚ ಕಳಚಬೇಕಾದ ಈ ಪ್ರಾಣಿಗಳು ಹೊಸ ಕವಚ ಗಟ್ಟಿಯಾಗುವವರೆಗೆ ವಿಶೇಷವಾಗಿ ದುರ್ಬಲವಾಗಿರುತ್ತವೆ. ಕಿವಿರು ಮತ್ತು ಆಹಾರದ ಮೂಲಕ ಒಳಸೇರಿದ ತಾಮ್ರ, ಸತು, ಕ್ಯಾಡ್ಮಿಯಂನಂತಹ ಲೋಹಗಳು ಜೀರ್ಣಗ್ರಂಥಿಯಲ್ಲಿ ಸಂಗ್ರಹವಾಗುತ್ತವೆ.

ಹವಳದ ದಿಬ್ಬಗಳಲ್ಲಿ

ಹವಳದ ದಿಬ್ಬಗಳ ಬಿರುಕು, ಬಿಲಗಳಲ್ಲಿ ವಾಸಿಸುವ ಸ್ಟೊಮ್ಯಾಟೊಪಾಡ್‌ಗಳನ್ನು, ಅಂದರೆ ಮ್ಯಾಂಟಿಸ್ ಸೀಗಡಿಗಳನ್ನು, ಮಾಲಿನ್ಯ ಸೂಚಕಗಳನ್ನಾಗಿ ಬಳಸುವ ಕ್ರಮವನ್ನು ಮಾರ್ಕ್ ಅರ್ಡ್‌ಮನ್ ಮತ್ತು ರಾಯ್ ಕಾಲ್ಡ್‌ವೆಲ್ 1990ರ ದಶಕದಲ್ಲಿ ಪ್ರತಿಪಾದಿಸಿದರು. ಅರ್ಡ್‌ಮನ್ ಇಂಡೋನೇಷ್ಯಾದ ದಿಬ್ಬಗಳಲ್ಲಿ ಅಧ್ಯಯನ ನಡೆಸಿದ್ದರು. ಮಾಲಿನ್ಯ ಹೆಚ್ಚಿದಂತೆ ಇವುಗಳ ಸಂಖ್ಯೆ ಮತ್ತು ಪ್ರಭೇದ ವೈವಿಧ್ಯ ಕುಗ್ಗುತ್ತದೆ. ಕರ್ನಾಟಕದಲ್ಲಿ ಹವಳಗಳು ಕಂಡುಬರುವ ಪ್ರಮುಖ ತಾಣ ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಸಮೀಪದ ನೇತ್ರಾಣಿ ದ್ವೀಪ.

ಹಾವೇರಿ ಜಿಲ್ಲೆಯ ಸಿಹಿನೀರಿನಲ್ಲಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು 1997ರಲ್ಲಿ ರಚನೆಯಾದ ಹಾವೇರಿ ಜಿಲ್ಲೆಯ ಭಾಗಗಳು. ಜಿಲ್ಲೆಗೆ ಸಮುದ್ರತೀರವಿಲ್ಲ. ಉತ್ತರ ಕನ್ನಡಕ್ಕೆ ಹೊಂದಿಕೊಂಡಿದ್ದರೂ ಇಲ್ಲಿನ ಬಹುಪಾಲು ನೀರು ಪಶ್ಚಿಮಕ್ಕೆ ಹರಿಯದೆ ವರದಾ, ಅದರ ಉಪನದಿ ಧರ್ಮಾ ಮತ್ತು ಕುಮುದ್ವತಿಗಳ ಮೂಲಕ ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಯನ್ನು ತಲುಪುತ್ತದೆ. ಹತ್ತಿ, ಗೋವಿನಜೋಳ, ಭತ್ತ ಬೆಳೆಯುವ ಈ ಸೀಮೆಯಲ್ಲಿ ಹೊಲಗಳಿಂದ ಹರಿದುಬರುವ ಕೀಟನಾಶಕ ಮತ್ತು ಗೊಬ್ಬರ, ಪಟ್ಟಣಗಳ ಚರಂಡಿ ನೀರು ಕೆರೆ, ಹೊಳೆಗಳಿಗೆ ಅಪಾಯಕಾರಿಗಳು.

ಇಂತಹ ಕಡೆ ಸಿಹಿನೀರಿನ ಏಡಿ, ಸೀಗಡಿಗಳು ಸ್ಟೊಮ್ಯಾಟೊಪಾಡ್‌ಗಳ ಸ್ಥಾನವನ್ನು ತುಂಬಬಲ್ಲವು. ಸಿಹಿನೀರಿನ ಏಡಿಗಳಿಗೆ ನೀರಿನಲ್ಲಿ ತೇಲುವ ಮರಿಹುಳುವಿನ ಹಂತವಿಲ್ಲ. ಮೊಟ್ಟೆಯಿಂದ ಹೊರಬಂದ ಮರಿಗಳನ್ನು ತಾಯಿಯು ಹೊಟ್ಟೆಯ ಅಡಿಯಲ್ಲಿ ಹೊತ್ತು ಸಾಕುತ್ತದೆ. ಅವು ದೂರ ಹರಡುವುದಿಲ್ಲವಾದ್ದರಿಂದ ಅವುಗಳ ದೇಹದಲ್ಲಿ ಕಂಡ ವಿಷವು ಬಹುಮಟ್ಟಿಗೆ ಅದೇ ಸ್ಥಳದ್ದು. ಒಮ್ಮೆ ಅಳಿದ ಕಡೆ ಅವು ಮರಳಿ ನೆಲೆಸುವುದು ನಿಧಾನ. ಏಡಿಯು ಆಹಾರವೂ ಆಗಿರುವುದರಿಂದ ಅದರಲ್ಲಿ ಸಂಗ್ರಹವಾದ ಲೋಹಗಳು ಮನುಷ್ಯರ ಆರೋಗ್ಯಕ್ಕೂ ಸಂಬಂಧಿಸಿದ ವಿಷಯ.

ಇದೇ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಳಿ ತುಂಗಭದ್ರೆಗೆ ಸೇರುತ್ತಿದ್ದ ಕೈಗಾರಿಕಾ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯವು ಹೋರಾಟ ನಡೆಸಿತು. ನದಿಯಲ್ಲಿ ಮೀನುಗಳು ಸಾಯುತ್ತಿದ್ದುದು ಆಗ ಜನರ ಗಮನಕ್ಕೆ ಬಂದ ಪ್ರಮುಖ ಲಕ್ಷಣವಾಗಿತ್ತು. ಮೀನುಗಳು ರಾಶಿಯಾಗಿ ಸಾಯುವ ಹಂತಕ್ಕೆ ಮೊದಲೇ ಎಚ್ಚರಿಕೆ ಪಡೆಯುವುದು ಜೈವಿಕ ಸೂಚಕಗಳ ಉದ್ದೇಶ.

ವಿಧಾನಗಳು

* ಎಣಿಕೆ: ಮಾಲಿನ್ಯದ ಮೂಲದ ಮೇಲ್ಭಾಗ ಮತ್ತು ಕೆಳಭಾಗಗಳಲ್ಲಿ ಸಮಾನ ವಿಸ್ತೀರ್ಣದ ಬಿಲಗಳನ್ನು ಎಣಿಸಿ ಹೋಲಿಸುವುದು.
* ಅಂಗಾಂಶ ಪರೀಕ್ಷೆ: ಜೀರ್ಣಗ್ರಂಥಿ ಮತ್ತು ಕಿವಿರುಗಳಲ್ಲಿನ ಲೋಹಾಂಶವನ್ನು ಅಳೆಯುವುದು.
* ಪ್ರಯೋಗಾಲಯ ಪರೀಕ್ಷೆ: ಡ್ಯಾಫ್ನಿಯ ಎಂಬ ನೀರುಚಿಗಟದ ಮರಿಗಳನ್ನು ಪರೀಕ್ಷಿಸಬೇಕಾದ ನೀರಿನಲ್ಲಿರಿಸಿ, 48 ಗಂಟೆಗಳಲ್ಲಿ ಎಷ್ಟು ಮರಿಗಳು ಚಲನೆ ಕಳೆದುಕೊಂಡವೆಂದು ನೋಡುವುದು.

ಮಿತಿಗಳು

ಏಡಿಗಳ ಸಂಖ್ಯೆ ಕುಗ್ಗಲು ಮಾಲಿನ್ಯವೊಂದೇ ಕಾರಣವಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅವು ಬಿಲದೊಳಗೆ ಅಡಗುತ್ತವೆ. ಹೂಳೆತ್ತುವಿಕೆ, ಮರಳುಗಾರಿಕೆ ಮತ್ತು ಅತಿಯಾದ ಬೇಟೆಯಿಂದಲೂ ಕಡಿಮೆಯಾಗುತ್ತವೆ. ಲೋಹಾಂಶವು ವಯಸ್ಸು, ಲಿಂಗ ಮತ್ತು ಕವಚ ಕಳಚುವ ಹಂತಕ್ಕೆ ಅನುಗುಣವಾಗಿ ಬದಲಾಗುತ್ತದೆ. ಆದ್ದರಿಂದ ಒಂದೇ ಋತುವಿನಲ್ಲಿ, ಒಂದೇ ಗಾತ್ರದ ಪ್ರಾಣಿಗಳನ್ನು, ಮಾಲಿನ್ಯವಿಲ್ಲದ ಸ್ಥಳದೊಂದಿಗೆ ಹೋಲಿಸಬೇಕಾಗುತ್ತದೆ. ಜೈವಿಕ ಸೂಚಕವು ನೀರು ಕೆಟ್ಟಿದೆಯೆಂದು ತಿಳಿಸುತ್ತದೆ. ಕೆಡಿಸಿದ ವಸ್ತು ಯಾವುದೆಂದು ಖಚಿತಪಡಿಸಲು ರಾಸಾಯನಿಕ ಪರೀಕ್ಷೆಯೇ ಬೇಕು.