ಹರಿಯುವ ನೀರಿನಲ್ಲಿ ಕಾಂತೀಯ ಅನುರಣನ: ಬೆಂಗಳೂರಿನ ಒಂದು ಪ್ರಯೋಗ

ಯಶವಂತಪುರ ಮತ್ತು ಮಲ್ಲೇಶ್ವರಗಳ ನಡುವಣ ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದಿಂದ 1951ರಲ್ಲಿ ಜಿ. ಸೂರ್ಯನ್ ಅವರ ಒಂದು ಕಿರುಪ್ರಬಂಧ ಹೊರಬಂದಿತು. ಹರಿಯುವ ದ್ರವಗಳಲ್ಲಿ ನ್ಯೂಕ್ಲೀಯ ಕಾಂತೀಯ ಅನುರಣನ ಅದರ ವಿಷಯ. ಅದನ್ನು ಪ್ರಕಟಿಸಿದ್ದು ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ನಡಾವಳಿ ಪತ್ರಿಕೆ. ಬ್ಲಾಕ್ ಮತ್ತು ಪರ್ಸೆಲ್ ಈ ಅನುರಣನವನ್ನು ಲೋಕಕ್ಕೆ ತಿಳಿಸಿ ಆಗ ಐದೇ ವರ್ಷಗಳಾಗಿದ್ದವು. ಅವರಿಗೆ ನೊಬೆಲ್ ಪಾರಿತೋಷಕ ಇನ್ನೂ ಬಂದಿರಲಿಲ್ಲ.

ನೀರಿನ ಪ್ರೋಟಾನುಗಳು ಅತಿಸಣ್ಣ ಅಯಸ್ಕಾಂತಗಳಂತೆ ವರ್ತಿಸುತ್ತವೆ. ಆದರೆ ಸಾಮಾನ್ಯ ಉಷ್ಣತೆಯಲ್ಲಿ, ಒಂದು ಟೆಸ್ಲಾ ಕ್ಷೇತ್ರದಲ್ಲಿ, ಹತ್ತು ಲಕ್ಷ ಪ್ರೋಟಾನುಗಳ ಪೈಕಿ ಕ್ಷೇತ್ರದ ದಿಕ್ಕಿಗೆ ನಿಂತವುಗಳ ಆಧಿಕ್ಯ ಸುಮಾರು 3 ಮಾತ್ರ. ಪ್ರಬಲ ರೇಡಿಯೊ ತರಂಗ ತಗುಲಿದರೆ ಈ ಅಲ್ಪ ಆಧಿಕ್ಯವೂ ಅಳಿದು ಸಂಕೇತ ಕುಗ್ಗುತ್ತದೆ. ಮತ್ತೆ ಚೇತರಿಸಿಕೊಳ್ಳಲು ಕೆಲವು ಸೆಕೆಂಡುಗಳು ಬೇಕು. ನೀರು ಹರಿಯುತ್ತಿದ್ದರೆ ಬಳಲಿದ ಪ್ರೋಟಾನುಗಳು ಸುರುಳಿಯಿಂದ ಸರಿದು, ಕ್ಷೇತ್ರದಲ್ಲಿ ಅಣಿಯಾದ ಹೊಸವು ಅಲ್ಲಿಗೆ ಬರುತ್ತವೆ, ಸಂಕೇತ ಹಿಗ್ಗುತ್ತದೆ. ಸೂರ್ಯನ್ ಕಂಡದ್ದು ಇದನ್ನೇ. ರಕ್ತದ ಹರಿವನ್ನು ಕಾಂತೀಯ ಚಿತ್ರಣದಿಂದ ಅರಿಯುವ ಮುಂದಿನ ವಿಧಾನಗಳ ಇತಿಹಾಸ ಬರೆದವರು ಈ ಪ್ರಬಂಧದಿಂದ ಆರಂಭಿಸುವುದುಂಟು.

ಆಧಿಕ್ಯವನ್ನು ಎಲೆಕ್ಟ್ರಾನುಗಳಿಂದ ಎರವಲು ಪಡೆಯುವ ಮಾರ್ಗವನ್ನು 1953ರಲ್ಲಿ ಓವರ್‌ಹೌಸರ್ ಲೋಹಗಳಿಗಾಗಿ ಸೂಚಿಸಿದರು. ಕಾರ್ವರ್ ಮತ್ತು ಸ್ಲಿಕ್ಟರ್ ಅದೇ ವರ್ಷ ಲಿಥಿಯಂನಲ್ಲಿ ಅದನ್ನು ಸಿದ್ಧಪಡಿಸಿ ತೋರಿಸಿದರು. ಅವಾಹಕ ಘನವಸ್ತುಗಳಿಗೆ ಬೇರೆ ಬಗೆ ಬೇಕಾಯಿತು. ಆ ದಶಕದ ಉತ್ತರಾರ್ಧದಲ್ಲಿ ಜೆಫ್ರೀಸ್, ಅಬ್ರಾಗಮ್, ಪ್ರಾಕ್ಟರ್ ಅದನ್ನು ರೂಪಿಸಿದರು. 1 ಕೆಲ್ವಿನ್ ಉಷ್ಣತೆಯಲ್ಲಿ, 2.5 ಟೆಸ್ಲಾ ಕ್ಷೇತ್ರದಲ್ಲಿ, ಎಲೆಕ್ಟ್ರಾನುಗಳ ಧ್ರುವೀಕರಣ ಶೇ. 93ರಷ್ಟು, ಪ್ರೋಟಾನುಗಳದು ಶೇ. 0.25. ಘನವಸ್ತುವಿನಲ್ಲಿ ವಿರಳವಾಗಿ ಬೆರೆತ ಅಯುಗ್ಮ ಎಲೆಕ್ಟ್ರಾನುಗಳ ಮೇಲೆ ಸೂಕ್ತ ಆವರ್ತಾಂಕದ ಮೈಕ್ರೊತರಂಗ ಹಾಯಿಸಿದರೆ ಆ ಸಂಪತ್ತು ಪ್ರೋಟಾನುಗಳಿಗೆ ಹರಿದುಬರುತ್ತದೆ.

ಸೂರ್ಯನ್ ಅವರ ಪ್ರಯೋಗವನ್ನು ಇದರ ಪೂರ್ವಜವೆನ್ನುವುದು ಅತಿಶಯೋಕ್ತಿಯಾದೀತು. ಅಲ್ಲಿ ಎಲೆಕ್ಟ್ರಾನಿನ ಪಾತ್ರವೇ ಇಲ್ಲ. ಬೆಂಗಳೂರಿಗೆ ಓವರ್‌ಹೌಸರ್ ಚಿಂತನೆಯೊಡನೆ ನಿಜವಾದ ನಂಟು ಬೆಳೆದದ್ದು ಇನ್ನೊಂದು ದಾರಿಯಲ್ಲಿ. ಎಲೆಕ್ಟ್ರಾನಿನ ಬದಲು ನೆರೆಯ ನ್ಯೂಕ್ಲಿಯಸ್ಸುಗಳ ನಡುವೆಯೇ ಧ್ರುವೀಕರಣ ಹಸ್ತಾಂತರಗೊಳ್ಳುವುದನ್ನು ಎರಡು ಆಯಾಮಗಳ ರೋಹಿತದಲ್ಲಿ ಓದಿ, ಪ್ರೋಟೀನಿನ ಪರಮಾಣುಗಳ ಸಾಮೀಪ್ಯವನ್ನು ತಿಳಿಯುವ ಕ್ರಮ 1980ರಲ್ಲಿ ಪ್ರಕಟವಾಯಿತು. ಆ ಪ್ರಬಂಧದ ಲೇಖಕರು ಮೂವರು. ಎರ್ನ್ಸ್ಟ್ 1991ರಲ್ಲಿ, ವ್ಯೂಥ್ರಿಕ್ 2002ರಲ್ಲಿ ನೊಬೆಲ್ ಪಡೆದರು. ಮೊದಲ ಹೆಸರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಅಧ್ಯಾಪನ ನಡೆಸಿದ ಅನಿಲ್ ಕುಮಾರ್ ಅವರದು.